ವಿನೆಗರ್ ಕರಗಿಸಿದ ಊಟ, ಚಿಮಣಿ ಎಣ್ಣೆ ಉಳಿಸಿದ ಊಟ

ಯಾದಗಿರಿ ಜಿಲ್ಲೆಯ ಗುರುಮಠಕಲ್ ಮಣ್ಣಲ್ಲಿ ಪಳೆಯುಳಿಕೆಯಾದ ಕಪ್ಪೆ ಮೂಳೆ ಹುಡುಕು, ಅದು ತಿಂದದ್ದನ್ನು ಹುಡುಕಬೇಡ, ಸುಮ್ನೆ ಟೈಮ್ ಹಾಳು ಅಂತ ಜೊತೆಯವರೆಲ್ಲ ಹೇಳಿದ್ದರು. ಕಳೆದ ಬೇಸಿಗೆಯಲ್ಲಿ ಆ ಊಟವೇ ಸಿಕ್ಕಿತು.

ಮೊದಲ ಎರಡು ವರ್ಷವನ್ನು ವಿನೆಗರ್ ತಿಂದುಹಾಕಿತು. ಲಾವಾ ಪದರಗಳ ನಡುವಿನ ಆ ಹಳೇ ಕೆರೆಮಣ್ಣನ್ನು ಬಕೆಟ್‌ಗಟ್ಟಲೆ ಅದರಲ್ಲಿ ನೆನೆಹಾಕಿದೆ. ಮೂಳೆ ಚೂರುಗಳು ಚೆನ್ನಾಗಿಯೇ ಬಂದವು. ಕಪ್ಪೆ ತಿಂದಿರಬಹುದಾದ ಆಸ್ಟ್ರಕೋಡ್, ಅಂದರೆ ನೀರಲ್ಲಿರುವ ಎರಡು ಚಿಪ್ಪಿನ ಸಣ್ಣ ಜೀವಿ, ಮಾತ್ರ ಒಂದೂ ಇಲ್ಲ. ಸುಣ್ಣದ ಚಿಪ್ಪಲ್ವಾ, ಕರಗಿಹೋಗಿತ್ತು. ತಿಂದವನನ್ನು ಉಳಿಸಿಕೊಂಡು ಊಟವನ್ನು ಮೋರಿಗೆ ಸುರಿದಿದ್ದೆ. ಹೆಚ್ಚುಕಡಿಮೆ 8,000 ರೂಪಾಯಿ ಹೋಯಿತು. ಅದಕ್ಕಿಂತ ಆ ಮೂರು ಚೀಲ ಮಣ್ಣು ಹೋದದ್ದೇ ಹೊಟ್ಟೆ ಉರಿಸುತ್ತದೆ.

ಆಮೇಲೆ ಹಳೇ ದಾರಿ ಹಿಡಿದೆ, ಚಿಮಣಿ ಎಣ್ಣೆ. ಮಣ್ಣು ಪೂರ್ತಿ ಒಣಗಿರಬೇಕು, ಇಲ್ಲದಿದ್ದರೆ ಎಣ್ಣೆ ಒಳಗೆ ಇಳಿಯುವುದಿಲ್ಲ. ಒಲೆಯಲ್ಲಿ ಒಣಗಿಸಿದಾಗ ಹೆಂಟೆ ಬಿರಿದು ಮೂಳೆಯೂ ಮುರಿಯಿತು. ಕಲಬುರಗಿಯ ಮೇ ಬಿಸಿಲು ಸಾಕು: ಮಾಳಗಿ ಮೇಲೆ, ಫರಸಿ ಕಲ್ಲಿನ ಮೇಲೆ, ಐದಾರು ದಿನ. ಒಂದು ರಾತ್ರಿ ಎಣ್ಣೆಯಲ್ಲಿಟ್ಟು, ಬಸಿದು, ಬಯಲಲ್ಲಿ, ಒಲೆಯಿಂದ ದೂರ, ಬಿಸಿನೀರು ಸುರಿದರೆ ಹೆಂಟೆ ಬುಸ್ಸೆಂದು ಕುಸಿಯುತ್ತದೆ. ನೀರಿಗೆ ಒಂದು ಪುಡಿ ಹಾಕುತ್ತೇನೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ. ಎಣ್ಣೆ ಲೀಟರಿಗೆ 100 ರೂಪಾಯಿ ಮೇಲಿತ್ತು, ಬಟ್ಟೆಯಲ್ಲಿ ಸೋಸಿ ನಾಲ್ಕು ಸಲ ಬಳಸಿದೆ. “ಮನಿ ತುಂಬ ಚಿಮಣಿ ಎಣ್ಣಿ ವಾಸ್ನಿ, ರೊಟ್ಟಿಗೂ ಹತ್ಯಾದ,” ಅಂತ ಅವ್ವ ಬೈದಳು.

ನಡುವೆ ಇನ್ನೊಂದು ಕೆಲಸ ಮಾಡಿದೆ. ಬಚ್ಚಲಿಗೆ ಬರುವ ಕಪ್ಪೆಯ ಹಿಕ್ಕೆ ತಂದು ನೀರಲ್ಲಿ ಬಿಡಿಸಿದೆ. ಇರುವೆ ತಲೆ, ಜೀರುಂಡೆ ರೆಕ್ಕೆಯ ಚಿಪ್ಪು, ಬಹಳಷ್ಟು ಇಡಿಯಾಗಿ. ಕಪ್ಪೆ ಅಗಿಯುವುದಿಲ್ಲ, ನುಂಗುತ್ತದೆ. ಕಲ್ಲಿನಲ್ಲೂ ಇಡೀ ಚಿಪ್ಪೇ ಹುಡುಕಬೇಕು ಅಂತ ಆಗ ಗೊತ್ತಾಯಿತು.

ಕಡೆಗೆ 200 ಮೆಶ್‌ನ, ಬಹಳ ಸಣ್ಣ ಕಣ್ಣಿನ ಜರಡಿಯಲ್ಲಿ ತೊಗರಿ ಕಾಳಿಗಿಂತ ಚಿಕ್ಕ ಕಂದು ಉಂಡೆಯೊಂದು ಉಳಿಯಿತು. ಪಕ್ಕದಲ್ಲಿ ಟೊಳ್ಳಾದ ತೆಳು ಮೂಳೆ ಅಂಟಿಕೊಂಡಿತ್ತು. ಸುತ್ತಲಿನ ಮಣ್ಣೆಲ್ಲ ಹೋದರೂ ಫಾಸ್ಫೇಟ್ ಕೂಡಿ ಗಟ್ಟಿಯಾದ ಉಂಡೆ ಹೋಗಿರಲಿಲ್ಲ. ಒಂದು ಅಂಚು ಸೀಳಿದೆ. ಒಳಗೆ ಎಳ್ಳಿಗಿಂತ ಸಣ್ಣ ಆಸ್ಟ್ರಕೋಡ್‌ಗಳು ಒತ್ತೊತ್ತಾಗಿ, ಎರಡೂ ಚಿಪ್ಪು ಮುಚ್ಚಿಕೊಂಡೇ ಇದ್ದವು. ಎಣಿಸಿದ್ದು 11. ಅಷ್ಟೇ ಮಣ್ಣಲ್ಲಿ ಹೊರಗೆ ಎರಡೋ ಮೂರೋ. ಇವನ್ನು ಒಟ್ಟುಗೂಡಿಸಿದ್ದು ಕಪ್ಪೆಯ ಹೊಟ್ಟೆಯೇ ಅನ್ನಿಸಿತು.

ಫ್ರಾನ್ಸಿನ ಕೆರ್ಸಿ ಪ್ರದೇಶದ ಪಳೆಯುಳಿಕೆ ಸಲಮ್ಯಾಂಡರ್ (ಕಪ್ಪೆಯ ಬಳಗದ, ಬಾಲವಿರುವ ಪ್ರಾಣಿ) ಹೊಟ್ಟೆಯಲ್ಲಿ ಕಪ್ಪೆ ಮೂಳೆ ಕಂಡದ್ದು 2017ರಲ್ಲಿ, ಸಿಂಕ್ರೊಟ್ರಾನ್ ಎಂಬ ದೊಡ್ಡ ಯಂತ್ರದ ಎಕ್ಸ್‌ರೇಯಿಂದ. ನನ್ನದು 10x ಲೆನ್ಸ್ ಮತ್ತು ಸೂಜಿ. ಉಂಡೆಯ ಉಳಿದ ಭಾಗ ಸೀಳಿಲ್ಲ. ಯಾರಾದರೂ ಸ್ಕ್ಯಾನ್ ಮಾಡಿಕೊಡುವುದಾದರೆ ನಾನೇ ಕೈಯಲ್ಲಿ ಹಿಡಿದು ತರುತ್ತೇನೆ, ಪಾರ್ಸೆಲ್ ಕಳಿಸುವುದಿಲ್ಲ.