ಸ್ಲ್ಯಾಬ್ ಹಾಕುವ ಮೊದಲೇ ಫ್ಯಾನಿನ ಜಾಗ ಗೊತ್ತಿರಲಿ

ಮೊದಲ ಸಲ ಮನೆ ಕಟ್ಟುವವರು ನಲ್ಲಿ, ಲೈಟು, ಟೈಲ್ಸ್ ಎಲ್ಲ ಕೊನೆಗೆ ನೋಡಿಕೊಂಡರಾಯಿತು ಅಂದುಕೊಂಡಿರುತ್ತಾರೆ. ಕೊಳ್ಳುವುದು ಕೊನೆಗೇ, ನಿಜ. ಆದರೆ ಯಾವುದು, ಎಲ್ಲಿ ಅಂತ ತೀರ್ಮಾನ ಮಾಡುವ ಹೊತ್ತು ಬಹಳ ಮೊದಲೇ ಬರುತ್ತದೆ. ಸೆಂಟ್ರಿಂಗ್, ಅಂದರೆ ಕಾಂಕ್ರೀಟ್ ಸುರಿಯಲು ಹಾಕಿದ ಹಲಗೆಗಳ ಮೇಲೆ ಕಬ್ಬಿಣ ಕಟ್ಟಿ ಮುಗಿದಿರುತ್ತದೆ, ನಾಳೆ ಸ್ಲ್ಯಾಬ್. ಫ್ಯಾನ್ ತೂಗುಹಾಕುವ ಬಾಕ್ಸ್ ಆ ಕಾಂಕ್ರೀಟಿನೊಳಗೇ ಕೂರಬೇಕು. ಎಲೆಕ್ಟ್ರಿಷಿಯನ್ ಬಂದು "ಅಕ್ಕಾರ, ಫ್ಯಾನ್ ಬಾಕ್ಸ್ ಎಲ್ಲಿ ಇಡಬೇಕ್ರಿ?" ಅಂತ ಕೇಳುತ್ತಾನೆ. ಉತ್ತರ ಇಲ್ಲದಿದ್ದರೆ ಕೋಣೆಯ ನಟ್ಟನಡುವೆ ಇಟ್ಟು ಹೋಗುತ್ತಾನೆ. ಮಂಚ ಮಾತ್ರ ಗೋಡೆಗೆ ಹತ್ತಿಕೊಂಡಿರುತ್ತದೆ, ಗಾಳಿ ಕಾಲಿಗಷ್ಟೇ ಬರುತ್ತದೆ. ನಮ್ಮ ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳು 40 ಡಿಗ್ರಿ ದಾಟುವಾಗ ಇದು ಸಣ್ಣ ಮಾತಲ್ಲ.

ಅದಕ್ಕೇ ಪ್ಲಾನ್ ಕೈಗೆ ಬಂದ ದಿನವೇ ಪೆನ್ಸಿಲ್ ಹಿಡಿದು ಕೂತುಕೊಳ್ಳಿ. ಮಂಚ, ಅಲಮಾರಿ, ಫ್ರಿಜ್, ಟಿವಿ, ದೇವರ ಜಗುಲಿ ಎಲ್ಲಿ ಅಂತ ಹಾಳೆಯ ಮೇಲೆ ಗುರುತು ಮಾಡಿ. ಆಮೇಲೆ ಫ್ಯಾನು, ಸ್ವಿಚ್ಚಿನ ಜಾಗ ತಾನಾಗೇ ಗೊತ್ತಾಗುತ್ತದೆ. ಗೋಡೆ ಎದ್ದ ಮೇಲೆ, ಕೊರೆಯುವ ಮೊದಲು, ಸೀಮೆಸುಣ್ಣದಿಂದ ಗೋಡೆಯ ಮೇಲೆ ಸ್ವಿಚ್ ಬೋರ್ಡುಗಳನ್ನು ಅದೇ ಅಳತೆಯಲ್ಲಿ ಬರೆಯಿರಿ. ನೆಲದ ಮೇಲೆ ಸುಣ್ಣದ ಪುಡಿಯಿಂದ ಮಂಚದ ಗೆರೆ ಎಳೆಯಿರಿ. ಬಾಗಿಲು ಯಾವ ಕಡೆ ತೆರೆಯುತ್ತದೆ ನೋಡಿ. ಬಾಗಿಲ ಹಿಂದೆ ಸ್ವಿಚ್ ಬಂದರೆ ರಾತ್ರಿ ಕತ್ತಲಲ್ಲಿ ತಡಕಾಡುತ್ತಾ ಇರಬೇಕಾಗುತ್ತದೆ.

ಕೂಲರ್ ಬಗ್ಗೆ ಯಾರೂ ಮೊದಲು ಯೋಚಿಸುವುದಿಲ್ಲ, ಅದೇ ನನಗೆ ಬೇಸರ. ನಮ್ಮ ಕಡೆ ಬೇಸಿಗೆ ಒಣ ಬೇಸಿಗೆ, ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಅದು ಕಿಟಕಿಯ ಹೊರಗೆ ಇರಬೇಕು, ಒಳಗೆ ಬಂದ ಗಾಳಿ ಹೊರಗೆ ಹೋಗಲು ಎದುರು ಕಡೆ ಇನ್ನೊಂದು ಕಿಟಕಿಯೋ ಬಾಗಿಲೋ ತೆರೆದಿರಬೇಕು. ಗ್ರಿಲ್ ಮಾಡಿಸುವಾಗಲೇ ಕೂಲರಿನ ಬಾಯಿ ಹಿಡಿಸುವಷ್ಟು ಭಾಗ ತೆರೆಯುವ ಹಾಗೆ, ಒಳಗಿನಿಂದ ಬೀಗ ಹಾಕುವ ಹಾಗೆ ಹೇಳಿ. ಕಿಟಕಿಯ ಹತ್ತಿರ ಒಂದು ಪಾಯಿಂಟು, ಹೊರಗೆ ಅರ್ಧ ಇಂಚಿನ ಒಂದು ನಲ್ಲಿ. ಇಷ್ಟು ಮಾಡಿದರೆ ದಿನಾ ಬಕೆಟ್ಟಿನಲ್ಲಿ ನೀರು ಹೊತ್ತು ಹಾಕುವುದು ತಪ್ಪುತ್ತದೆ. ಸೊಳ್ಳೆ ಜಾಲರಿ ಬೇಕೋ ಬೇಡವೋ ಅನ್ನುವುದನ್ನೂ ಚೌಕಟ್ಟು ಮಾಡಿಸುವಾಗಲೇ ಬಡಗಿಗೆ ಹೇಳಬೇಕು.

ಎಸಿ ಈಗ ಕೊಳ್ಳುವುದಿಲ್ಲ ಅಂದರೂ ಅದಕ್ಕೆ ಬೇರೆ ಲೈನು ಎಳೆಸಿಡಿ. 4 ಸ್ಕ್ವೇರ್ ಎಂಎಂ ವೈರು, 16 ಆಂಪ್ ಪಾಯಿಂಟು, ನೀರು ಇಳಿಯುವ ಪೈಪು. ಇನ್ವರ್ಟರಿನ ಲೈನೂ ಹಾಗೇ, ಎರಡು ಫ್ಯಾನು, ನಾಲ್ಕು ಲೈಟಿಗೆ ಬೇರೆ. ಅರ್ತಿಂಗ್, ಅಂದರೆ ಶಾಕ್ ಹೊಡೆಯದ ಹಾಗೆ ಕರೆಂಟನ್ನು ನೆಲಕ್ಕೆ ಇಳಿಸುವ ವೈರು, ಅದರ ವಿಷಯದಲ್ಲಿ ಒಂದು ಪೈಸೆಯೂ ಉಳಿಸಬೇಡಿ.

ಇನ್ನು ಅಡಿಗೆಮನೆ. ಕಟ್ಟೆ ಎಷ್ಟು ಎತ್ತರ ಅಂತ ಗೌಂಡಿ ಕೇಳಿದರೆ ಎಲ್ಲರೂ 32 ಇಂಚೋ 34 ಇಂಚೋ ಅಂದುಬಿಡುತ್ತಾರೆ. ಯಾರು ಅಡಿಗೆ ಮಾಡುತ್ತಾರೋ ಅವರನ್ನೇ ಸೈಟಿಗೆ ಕರೆದುಕೊಂಡು ಹೋಗಿ. ಇಟ್ಟಿಗೆ ಜೋಡಿಸಿ, ಮೇಲೆ ಹಲಗೆ ಇಟ್ಟು, ಅದರ ಎದುರು ನಿಂತು ರೊಟ್ಟಿ ಬಡಿಯುವ ಹಾಗೆ ಕೈ ಆಡಿಸಿ ನೋಡಲಿ. ಭುಜ ಮೇಲೆ ಏಳುತ್ತಿದ್ದರೆ ಕಟ್ಟೆ ಎತ್ತರ ಆಯಿತು ಅಂತ ಅರ್ಥ, ಒಂದು ಸಾಲು ಇಟ್ಟಿಗೆ ತೆಗೆಯಿರಿ. ಜೋಳದ ರೊಟ್ಟಿ ಬಡಿಯಲು ತೋಳಿನ ಬಲ ಬೇಕು, ಆ ಕಟ್ಟೆ ತಗ್ಗಾಗಿ ಇದ್ದರೇ ಚೆಂದ. ಗ್ಯಾಸ್ ಒಲೆ ಕಟ್ಟೆಯ ಮೇಲೆ ಇನ್ನೂ ಕೆಲವು ಇಂಚು ಏರುತ್ತದೆ ಅನ್ನುವುದೂ ನೆನಪಿರಲಿ. ರೊಟ್ಟಿಗೆ ಬೇರೆ ತಗ್ಗು ಕಟ್ಟೆ ಇಟ್ಟುಕೊಳ್ಳಲು ಜಾಗ ಇದ್ದರೆ ಖಂಡಿತ ಮಾಡಿಸಿ, ನಾಲ್ವತ್ತು ದಾಟಿದ ಮೇಲೆ ಬೆನ್ನು ನಿಮಗೆ ಉಪಕಾರ ಹೇಳುತ್ತದೆ.

ನೆಲಕ್ಕೆ ಶಹಾಬಾದ್ ಫರಸಿ ಹಾಕುವ ಆಸೆ ಇದ್ದರೆ ಹಾಕಿ. ಹತ್ತಿರದಲ್ಲೇ ಸಿಗುತ್ತದೆ, ಬೇಸಿಗೆಯಲ್ಲಿ ಕಾಲಿಗೆ ತಂಪು, ನನಗಂತೂ ಟೈಲ್ಸಿಗಿಂತ ಅದೇ ಇಷ್ಟ. ಆದರೆ ಅದು ಸುಣ್ಣಕಲ್ಲು. ಆಸಿಡ್ ಬಿದ್ದರೆ ನೊರೆ ಏಳುತ್ತದೆ, ಲಿಂಬೆಹಣ್ಣು, ಹುಣಸೆ ಹುಳಿ ಬಿದ್ದು ಹಾಗೇ ಬಿಟ್ಟರೂ ಹೊಳಪು ಹೋಗುತ್ತದೆ. ಅದಕ್ಕೆ ನಡುಮನೆ, ಪಡಸಾಲೆಗೆ ಫರಸಿ, ಅಡಿಗೆ ಕಟ್ಟೆಗೆ ಗ್ರಾನೈಟ್, ಬಾತ್‌ರೂಮಿಗೆ ಜಾರದ ಟೈಲ್ಸ್ ಇರಲಿ. ಬಾತ್‌ರೂಮ್ ಕ್ಲೀನರ್‌ಗಳಲ್ಲಿ ಆಸಿಡ್ ಇರುತ್ತದೆ, ಅಲ್ಲಿ ಫರಸಿ ಬೇಡವೇ ಬೇಡ.

ಬಾತ್‌ರೂಮಿನ ನಲ್ಲಿಗಳ ಬಗ್ಗೆ ಹುಷಾರಾಗಿರಿ. ಬೋರಿನ ನೀರು ಗಡುಸು, ಬಿಳಿ ಸುಣ್ಣ ಕಟ್ಟುತ್ತದೆ, ಬಿಸಿ ಮಾಡಿದರೆ ಇನ್ನೂ ಜಾಸ್ತಿ. ನಲ್ಲಿ ಆರಿಸುವಾಗ ಬಾಯಿಯ ಜಾಲರಿ ತಿರುವಿ ಬಿಚ್ಚಬಹುದೇ ಅಂತ ಅಂಗಡಿಯಲ್ಲೇ ಕೇಳಿ. ಶವರಿನ ತೂತುಗಳು ರಬ್ಬರಿನವಾದರೆ ಬೆರಳಿನಿಂದ ಉಜ್ಜಿದರೆ ಸಾಕು, ಸುಣ್ಣ ಉದುರುತ್ತದೆ. ದೊಡ್ಡ ಮಳೆ ಶವರ್ ನೋಡಿ ಮನಸೋಲಬೇಡಿ. ತಾರಸಿ ಟ್ಯಾಂಕಿನ ನೀರು 10 ಅಡಿ ಎತ್ತರದಿಂದ ಬಂದರೆ ಒತ್ತಡ ಸುಮಾರು 0.3 ಬಾರ್ ಅಷ್ಟೇ. ಮೇಲಿನ ಮಹಡಿಯಲ್ಲಿ ಅದೂ ಇರುವುದಿಲ್ಲ, ಪಂಪು ಇಲ್ಲದೆ ನೀರು ಜಿನುಗುತ್ತದೆ. ನೀರನ್ನು ನಲ್ಲಿಗೋ ಶವರಿಗೋ ತಿರುಗಿಸುವ, ಗೋಡೆಯೊಳಗೆ ಕೂರುವ ಡೈವರ್ಟರ್ ಬೇಕಿದ್ದರೆ ಟೈಲ್ಸಿಗಿಂತ ಮೊದಲೇ ಅದನ್ನು ತರಬೇಕು, ಒಳಗಿನ ಬಾಡಿ, ಹೊರಗಿನ ಹಿಡಿ ಎರಡೂ ಒಂದೇ ಕಂಪನಿಯದಾಗಿರಲಿ. ಎಡಕ್ಕೆ ಬಿಸಿ, ಬಲಕ್ಕೆ ತಣ್ಣೀರು ಅಂತ ಪ್ಲಂಬರ್‌ಗೆ ಹೇಳಿ, ಪೈಪು ಹಾಕುವಾಗ ನಿಂತು ನೋಡಿ. ಸೋಲಾರ್ ಹಾಕಿಸುವ ಯೋಚನೆ ಇದ್ದರೆ ತಾರಸಿಯಿಂದ ಬಿಸಿನೀರಿನ ಪೈಪೂ ಈಗಲೇ ಇಳಿಯಬೇಕು.

ಹಿರಿಯರು ಇರುವ ಮನೆಯಾದರೆ ಕೆಳಗಿನ ಬಾತ್‌ರೂಮಿನ ಗೋಡೆಯಲ್ಲಿ ಹಿಡಿಕೆ ಕೂರುವ ಜಾಗಕ್ಕೆ ಗಟ್ಟಿ ಕಾಂಕ್ರೀಟ್ ಕೊಡಿಸಿ. ಬಾಗಿಲು ಎರಡೂವರೆ ಅಡಿಗಿಂತ ಕಡಿಮೆ ಬೇಡ.

ಹೈದರಾಬಾದಿಗೆ ಹೋಗಿ ಫಿಟ್ಟಿಂಗ್ಸ್ ತರುವವರು ಬಹಳ. ಬೆಲೆ, ಆಯ್ಕೆ ಅಲ್ಲಿ ಚೆನ್ನಾಗಿರಬಹುದು. ಆದರೆ ಅದರ ವಾಷರ್, ಕಾರ್ಟ್ರಿಜ್ (ನಲ್ಲಿಯೊಳಗೆ ನೀರು ತೆರೆದು ಮುಚ್ಚುವ ಭಾಗ) ಕಲಬುರಗಿಯಲ್ಲಿ ಸಿಗುತ್ತದೆಯೇ ಅಂತ ಮೊದಲು ಇಲ್ಲಿ ವಿಚಾರಿಸಿ, ಆಮೇಲೆ ಹೋಗಿ.

ಪ್ಲಾಸ್ಟರ್ ಆಗುವ ಹಿಂದಿನ ದಿನ ಪ್ರತಿ ಗೋಡೆಯ ಫೋಟೋ ತೆಗೆಯಿರಿ, ಪೈಪಿನ ಪಕ್ಕ ಟೇಪ್ ಹಿಡಿದು ಅಳತೆ ಕಾಣುವ ಹಾಗೆ. ಮುಂದೆ ಮೊಳೆ ಹೊಡೆಯುವಾಗ ಬೇಕಾಗುತ್ತದೆ. ಟೈಲ್ಸ್ ತರುವಾಗ ಡಬ್ಬದ ಮೇಲಿನ ಬ್ಯಾಚ್ ನಂಬರ್ ಒಂದೇ ಇದೆಯಾ ನೋಡಿ, ಬೇರೆ ಬ್ಯಾಚಿನದಾದರೆ ಬಣ್ಣ ಸ್ವಲ್ಪ ಬೇರೆಯಾಗಬಹುದು. ಲೆಕ್ಕಕ್ಕಿಂತ ಒಂದೆರಡು ಡಬ್ಬ ಜಾಸ್ತಿ ತಂದು, ಕೆಲಸ ಮುಗಿದ ಮೇಲೆ ಉಳಿದದ್ದನ್ನು ಅಟ್ಟದ ಮೇಲೆ ಇಡಿ. ಮಾರಿಬಿಡಬೇಡಿ.