ಪಿಕಪ್ಪಿನ ಬಿರುಕುಬಿಟ್ಟ ಆರ್ಮ್‌ರೆಸ್ಟನ್ನು ಸರಿಮಾಡಿಕೊಂಡ ಬಗೆ

ಹಳೆಯ ಪಿಕಪ್ಪಿನ ಬಾಗಿಲಿನಲ್ಲಿರುವ ಆರ್ಮ್‌ರೆಸ್ಟ್ ಮೊಣಕೈ ಊರಲೆಂದು ಕೊಟ್ಟದ್ದು ನಿಜ. ಆದರೆ ಅದು ಒಡೆಯುವುದು ಮೊಣಕೈಯ ಭಾರಕ್ಕಲ್ಲ. ಬಾಗಿಲನ್ನು ಒಳಗಿನಿಂದ ಎಳೆದುಕೊಳ್ಳುವ ಹಿಡಿಯೂ ಅದೇ ಆಗಿರುತ್ತದೆ. ಟೊಮೆಟೊ ತುಂಬಿಕೊಂಡು ಕೋಲಾರದ ಮಾರುಕಟ್ಟೆಗೆ ಹೋಗುವ ನನ್ನಂಥವರು ಒಂದೇ ರಾತ್ರಿಯಲ್ಲಿ ಬಾಗಿಲನ್ನು ಎಷ್ಟು ಬಾರಿ ತೆರೆದು ಎಳೆಯುತ್ತೇವೆ ಎನ್ನುವುದಕ್ಕೆ ಲೆಕ್ಕವಿಲ್ಲ. ಹಗ್ಗ ಬಿಗಿಯಲು ಇಳಿಯಬೇಕು, ಗಾಡಿಯನ್ನು ಹಿಂದಕ್ಕೆ ತೆಗೆಯುವಾಗ ನೋಡಲು ಇಳಿಯಬೇಕು, ಕ್ರೇಟ್ ಎಣಿಸಲು ಇಳಿಯಬೇಕು. ಪ್ರತಿ ಸಲದ ಎಳೆತವನ್ನೂ ತಡೆದುಕೊಳ್ಳುವುದು ಎರಡು ಸ್ಕ್ರೂಗಳು ಕುಳಿತಿರುವ ಬೆರಳುಗಾತ್ರದ ಪ್ಲಾಸ್ಟಿಕ್ ಗೂಟಗಳು.

ನನ್ನ ಗಾಡಿ ಎರಡನೇ ಕೈಯದು. ಮುಂದಿನ ಗೂಟ ಬುಡದಲ್ಲೇ ಸೀಳಿತ್ತು. ಅಲ್ಲಿಂದ ಹೊರಟ ಬಿರುಕು ಮೇಲ್ಮೈಯವರೆಗೆ ಹರಿದು, ಹಿಡಿಯ ಕುಳಿಯ ಅಂಚಿನಲ್ಲಿ ಬಾಯ್ದೆರೆದಿತ್ತು. ಹಿಂದಿನ ಮಾಲೀಕರು ಅದರ ಮೇಲೆ ಇನ್‌ಸ್ಟಂಟ್ ಅಂಟು ಸುರಿದು ಕೈತೊಳೆದುಕೊಂಡಿದ್ದರು. ಆ ಅಂಟು ಗಾಜಿನ ಜಾತಿಯದು. ನೇರ ಎಳೆತಕ್ಕೆ ಗಟ್ಟಿ, ಅಲುಗಾಟಕ್ಕೂ ಬಡಿತಕ್ಕೂ ದುರ್ಬಲ. ಬಾಗಿಲಿನಲ್ಲಿ ಇರುವುದೇ ಅಲುಗಾಟ ಮತ್ತು ಬಡಿತ.

ಬಾಗಿಲಿನ ಒಳಮೈಯನ್ನು ಮುಚ್ಚುವ ಹೊಸ ಡೋರ್ ಪ್ಯಾಡನ್ನೇ ತರಬಹುದಿತ್ತಲ್ಲ ಎಂದು ಯಾರಾದರೂ ಕೇಳಿಯಾರು. ಗುಜರಿಯಲ್ಲಿ ಇದೇ ಮಾದರಿಯ ಪ್ಯಾಡುಗಳು ನೇತಾಡುತ್ತಿದ್ದವು. ಅವೂ ನನ್ನದರಷ್ಟೇ ಬಿಸಿಲು ಕಂಡವು, ಹೆಚ್ಚಿನವು ಅದೇ ಜಾಗದಲ್ಲಿ ಸೀಳಿದ್ದವು. ಒಡೆದದ್ದನ್ನು ಕೊಟ್ಟು ಒಡೆಯಲಿರುವುದನ್ನು ಕೊಳ್ಳುವ ವ್ಯಾಪಾರ ನನಗೆ ಬೇಡವೆನಿಸಿತು.

ಪ್ಯಾಡ್ ಬಿಚ್ಚದೆ ಈ ಕೆಲಸ ಆಗುವುದಿಲ್ಲ. ಗಾಜು ಏರಿಸುವ ಹಿಡಿ ಮೊದಲು ಬರಬೇಕು. ಕೆಲವು ಗಾಡಿಗಳಲ್ಲಿ ಅದರ ಮುಚ್ಚಳದಡಿ ಸ್ಕ್ರೂ ಇರುತ್ತದೆ. ನನ್ನದರಲ್ಲಿ ಲಾಳದ ಆಕಾರದ ತಂತಿ ಕ್ಲಿಪ್ ಇತ್ತು. ಅದಕ್ಕೆ ವಿಶೇಷ ಸಲಕರಣೆ ಬೇಡ. ಹಳೆಯ ಬನಿಯನ್ನಿನ ಪಟ್ಟಿಯೊಂದನ್ನು ಹಿಡಿಗೂ ಪ್ಯಾಡಿಗೂ ನಡುವೆ ತೂರಿಸಿ, ಬೂಟಿಗೆ ಪಾಲಿಶ್ ಹೊಡೆಯುವಂತೆ ಅತ್ತಿತ್ತ ಎಳೆದರೆ ಬಟ್ಟೆ ಕ್ಲಿಪ್ಪಿನ ತುದಿಗೆ ಸಿಕ್ಕಿ ಅದನ್ನು ಹೊರಗೆಳೆಯುತ್ತದೆ. ಕ್ಲಿಪ್ ಚಿಮ್ಮಿ ಎಲ್ಲಾದರೂ ಬೀಳುವುದರಿಂದ ಇನ್ನೊಂದು ಕೈಯನ್ನು ಅಡ್ಡ ಹಿಡಿದಿರಬೇಕು. ಆರ್ಮ್‌ರೆಸ್ಟಿನ ಅಡಿಯ ಸ್ಕ್ರೂ, ಒಳಹಿಡಿಯ ಸುತ್ತಿನ ಸ್ಕ್ರೂ ತೆಗೆದ ಮೇಲೆ ಉಳಿಯುವುದು ಪ್ಯಾಡನ್ನು ಬಾಗಿಲಿಗೆ ಕಚ್ಚಿಸಿರುವ ಅಂಚಿನ ಗುಂಡಿಗಳು. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಗುಂಡಿಯ ಬದಲು ಪ್ಯಾಡೇ ಕಿತ್ತುಬರುತ್ತದೆ. ನಾನು ಚಪ್ಪಟೆಯಾಗಿ ಸೀಳಿದ ಬಿದಿರಿನ ದಬ್ಬೆಯನ್ನು ಬಳಸಿದೆ. ಪೇಂಟಿಗೆ ಗೀರು ಬೀಳಲಿಲ್ಲ, ಗುಂಡಿಗಳೂ ಉಳಿದವು.

ಪ್ಯಾಡಿನ ಹಿಂದೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆಯನ್ನು ಕಸವೆಂದು ಹರಿದು ಬಿಸಾಡುವ ಮೆಕ್ಯಾನಿಕ್‌ಗಳಿದ್ದಾರೆ. ಗಾಜಿನ ಸಂದಿಯಿಂದ ಬಾಗಿಲೊಳಗೆ ಮಳೆನೀರು ಇಳಿಯುವುದು ಸಹಜ. ಅದನ್ನು ಕ್ಯಾಬಿನ್ನಿನೊಳಗೆ ಬಿಡದೆ ಕೆಳಗಿನ ರಂಧ್ರಗಳ ಕಡೆಗೆ ಇಳಿಸುವುದು ಈ ಹಾಳೆಯೇ. ಆ ರಂಧ್ರಗಳಲ್ಲಿ ಮಣ್ಣು ಗಟ್ಟಿಯಾಗಿತ್ತು. ತಂತಿಯಿಂದ ಚುಚ್ಚಿ ಬಿಡಿಸಿದೆ.

ಅಂಟು ಹಚ್ಚುವ ಮೊದಲು ಪ್ಲಾಸ್ಟಿಕ್ ಯಾವುದೆಂದು ತಿಳಿಯಬೇಕು. ಬಹಳಷ್ಟು ರಿಪೇರಿಗಳು ಕೆಡುವುದು ಇಲ್ಲೇ. ಭಾಗದ ಹಿಂಬದಿಯಲ್ಲಿ ಎರಡು ಬಾಣದ ಗುರುತುಗಳ ನಡುವೆ ಎಬಿಎಸ್, ಪಿಪಿ ಎಂದೇನಾದರೂ ಅಚ್ಚಾಗಿರುತ್ತದೆ. ಪಿಪಿ ಎಂದರೆ ಪಾಲಿಪ್ರೊಪಿಲೀನ್. ಅದಕ್ಕೆ ಸಾಮಾನ್ಯ ಅಂಟುಗಳು ಹಿಡಿಯುವುದೇ ಇಲ್ಲ, ಅರಾಲ್ಡೈಟ್ ಕೂಡ ಒಣಗಿದ ಮೇಲೆ ಚಕ್ಕೆಯಾಗಿ ಏಳುತ್ತದೆ. ಅದನ್ನು ಬಿಸಿಮಾಡಿ ಬೆಸೆಯಬೇಕು, ಇಲ್ಲವೇ ಲೋಹದ ಪಟ್ಟಿ ಕೊಟ್ಟು ಬೋಲ್ಟ್ ಹಾಕಬೇಕು. ನನ್ನದರಲ್ಲಿ ಗುರುತು ಸವೆದಿತ್ತು. ಕಣ್ಣಿಗೆ ಕಾಣದ ಒಂದು ಮೂಲೆಯಲ್ಲಿ ಅಸಿಟೋನ್ ಎಂಬ ದ್ರಾವಕದ ಒಂದು ಹನಿ ಇಟ್ಟು ಬೆರಳಿಂದ ಮುಟ್ಟಿದೆ. ಮೇಲ್ಮೈ ಕರಗಿ ಜಿಗುಟಾಯಿತು. ಎಬಿಎಸ್ ಹಾಗೆ ವರ್ತಿಸುತ್ತದೆ, ಪಿಪಿಗೆ ಅಸಿಟೋನ್ ನೀರಿದ್ದಂತೆ. ಚೂರನ್ನು ನೀರಿಗೆ ಹಾಕಿ ತೇಲುತ್ತದೆಯೇ ನೋಡು ಎನ್ನುವವರಿದ್ದಾರೆ. ಶುದ್ಧ ಪಿಪಿ ತೇಲುವುದು ಹೌದು, ಆದರೆ ಗಾಡಿಗಳ ಪಿಪಿಯಲ್ಲಿ ಹಲವು ಸಲ ಟಾಲ್ಕ್ ಪುಡಿ ಬೆರೆಸಿರುತ್ತಾರೆ, ಅದು ಮುಳುಗಿಬಿಡಬಹುದು. ಅಸಿಟೋನಿನ ಹನಿಯೇ ನಂಬಿಕೆಯದು.

ಎಬಿಎಸ್ ಎಂದಾದ ಮೇಲೆ ಅರ್ಧ ಚಿಂತೆ ಹೋಯಿತು, ಏಕೆಂದರೆ ಅದಕ್ಕೆ ಅದೇ ಅಂಟು. ಕೆಟ್ಟ ಕಂಪ್ಯೂಟರ್ ಕೀಬೋರ್ಡೊಂದರ ಅಡಿಯಲ್ಲಿ ಎಬಿಎಸ್ ಗುರುತು ಇತ್ತು. ಅದನ್ನು ಚೂರುಚೂರು ಮಾಡಿ ಗಾಜಿನ ಬಾಟಲಿಯಲ್ಲಿ ಅಸಿಟೋನ್ ಹಾಕಿ ಬಿಗಿಯಾಗಿ ಮುಚ್ಚಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ದೋಸೆ ಹಿಟ್ಟಿನ ಹದಕ್ಕೆ ಬಂದಿತ್ತು. ಅಸಿಟೋನ್ ಬೇಗ ಆವಿಯಾಗುತ್ತದೆ, ಆ ಆವಿ ಬೇಗ ಹೊತ್ತಿಕೊಳ್ಳುತ್ತದೆ. ಬೀಡಿ, ಒಲೆ, ಗ್ರೈಂಡರಿನ ಕಿಡಿ ಯಾವುದೂ ಹತ್ತಿರ ಇರಬಾರದು. ಕೆಲಸ ಅಂಗಳದಲ್ಲೇ ನಡೆಯಬೇಕು.

ಹಳೆಯ ಅಂಟನ್ನು ಚಾಕುವಿನಿಂದ ಕೆರೆದು ತೆಗೆಯುವುದೇ ಎಲ್ಲಕ್ಕಿಂತ ಬೇಸರದ ಭಾಗ. ಅದು ಮುಗಿದ ಮೇಲೆ, ಬಿರುಕಿನ ಕೊನೆ ಎಲ್ಲಿದೆ ಎಂದು ಆರ್ಮ್‌ರೆಸ್ಟನ್ನು ತುಸು ಬಗ್ಗಿಸಿ ನೋಡಿ, ಆ ತುದಿಯಲ್ಲಿ 2 ಮಿ.ಮೀ. ಡ್ರಿಲ್ಲಿನಿಂದ ಒಂದು ತೂತು ಕೊರೆದೆ. ಚೂಪಾದ ತುದಿಯಲ್ಲಿ ಒತ್ತಡವೆಲ್ಲ ಒಂದೇ ಬಿಂದುವಿಗೆ ಬಂದು ಬಿರುಕನ್ನು ಮುಂದೂಡುತ್ತದೆ. ತುದಿ ದುಂಡಗಾದರೆ ಅದು ಹಂಚಿಹೋಗುತ್ತದೆ. ಒಡೆದದ್ದಕ್ಕೆ ಇನ್ನೊಂದು ತೂತೇ ಎಂದು ಪಕ್ಕದಲ್ಲಿ ನಿಂತು ನೋಡುತ್ತಿದ್ದ ನನ್ನ ಭಾವ ನಕ್ಕರು. ಕಬ್ಬಿಣದ ಚಾಸಿಗೆ ಬೆಸುಗೆ ಹಾಕುವವರೂ ಹೀಗೆಯೇ ಮಾಡುತ್ತಾರೆ ಎಂದೆ.

ಹಿಂಬದಿಯಿಂದ ಬಿರುಕಿನ ಉದ್ದಕ್ಕೂ ಸಣ್ಣ ಇಳಿಜಾರು ಕಾಲುವೆ ತೆಗೆದು, ಒರಟು ಉಪ್ಪುಕಾಗದದಿಂದ ಉಜ್ಜಿದೆ. ವರ್ಷಗಟ್ಟಲೆ ಹೊಡೆದ ಸಿಲಿಕೋನ್ ಪಾಲಿಶಿನ ಜಿಡ್ಡು ಇದ್ದರೆ ಏನೂ ಹಿಡಿಯುವುದಿಲ್ಲ. ಉಜ್ಜುವ ಮೊದಲೇ ಸೋಪು ನೀರಿನಲ್ಲಿ ತೊಳೆದು ಸ್ಪಿರಿಟ್‌ನಿಂದ ಒರೆಸಿದ್ದೆ. ಆಮೇಲೆ ಹಿಟ್ಟನ್ನು ತೆಳುವಾಗಿ ಹಚ್ಚುವುದು, ಒಣಗಲು ಬಿಡುವುದು, ಮತ್ತೆ ಹಚ್ಚುವುದು. ಒಂದೇ ಸಲ ದಪ್ಪಗೆ ಸುರಿದರೆ ಮೇಲೆ ಕೆನೆಗಟ್ಟಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ, ಹೆಚ್ಚಾದ ಅಸಿಟೋನ್ ಮೂಲ ಭಾಗವನ್ನೂ ಸೊಟ್ಟ ಮಾಡುತ್ತದೆ. ಅಸಿಟೋನ್ ಆರಿದಂತೆ ಪದರ ಕುಗ್ಗುವುದರಿಂದ ಕಾಲುವೆ ತುಂಬಿತು ಎಂದುಕೊಂಡ ಮೇಲೂ ತಗ್ಗು ಕಾಣಿಸುತ್ತದೆ. ಅವಸರ ಇರುವವರಿಗೆ ಇದು ಕೆಲಸವಲ್ಲ.

ಬರಿಯ ಹಿಟ್ಟನ್ನು ನಂಬಿ ಗೂಟದ ಜಾಗವನ್ನು ಬಿಡಲು ನನಗೆ ಧೈರ್ಯವಿರಲಿಲ್ಲ. ಹಳೆಯ ಟೀ ಜರಡಿಯ ಸ್ಟೀಲ್ ಜಾಲರಿಯನ್ನು ಕತ್ತರಿಸಿ, ಬಿರುಕಿಗೆ ಅಡ್ಡಲಾಗಿ ಇಟ್ಟು, ಸೋಲ್ಡರಿಂಗ್ ಕಬ್ಬಿಣದಿಂದ ಮೆಲ್ಲಗೆ ಒತ್ತಿ ಪ್ಲಾಸ್ಟಿಕ್ಕಿನೊಳಗೆ ಇಳಿಸಿದೆ. ಇದನ್ನು ಮಾಡಿದ್ದು ಹಿಟ್ಟು ಪೂರ್ತಿ ಒಣಗಿದ ಮೇಲೆ, ಬಾಟಲಿಯನ್ನು ದೂರ ಇಟ್ಟು. ಎಬಿಎಸ್ ಸುಟ್ಟ ವಾಸನೆ ತಲೆನೋವು ತರಿಸುವಂಥದ್ದು. ಗಾಳಿಗೆ ಬೆನ್ನು ಕೊಟ್ಟು ಕೂರಬೇಕು. ಆಳ ಒತ್ತಿದರೆ ಮುಂಬದಿಯಲ್ಲಿ ಗುರುತು ಮೂಡುತ್ತದೆ, ಹಾಗಾಗಿ ದಪ್ಪದ ಅರ್ಧಕ್ಕೆ ನಿಲ್ಲಿಸಿದೆ. ಜಾಲರಿಯ ಮೇಲೆ ಇನ್ನೊಂದು ಪದರ ಹಿಟ್ಟು.

ಸೀಳಿದ ಗೂಟವನ್ನು ಮಾತ್ರ ಉಳಿಸಿಕೊಳ್ಳಲು ಹೋಗಲಿಲ್ಲ. ಅದನ್ನು ಕತ್ತರಿಸಿ ಹಾಕಿ, 3 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಪಟ್ಟಿಯನ್ನು ಆರ್ಮ್‌ರೆಸ್ಟಿನ ಒಳಗೆ ಉದ್ದಕ್ಕೆ ಕೂರಿಸಿ ಅರಾಲ್ಡೈಟ್ ಹಚ್ಚಿದೆ. ಎರಡು ಸ್ಕ್ರೂಗಳೂ ಈಗ ಪ್ಲಾಸ್ಟಿಕ್ಕನ್ನು ಕಚ್ಚುವುದಿಲ್ಲ. ಅಗಲ ವಾಷರ್ ಇಟ್ಟ ಬೋಲ್ಟುಗಳು ಪಟ್ಟಿಯ ಮೂಲಕ ಹಾದು, ಬಾಗಿಲಿನ ತಗಡಿಗೆ ಸಿಕ್ಕಿಸಿದ ಕ್ಲಿಪ್ ನಟ್ಟಿಗೆ ಹೋಗುತ್ತವೆ. ಎಳೆತವೆಲ್ಲ ತಗಡಿಗೆ. ಪ್ಲಾಸ್ಟಿಕ್ ಇನ್ನು ಆಕಾರಕ್ಕಷ್ಟೇ. ಕಾರ್ಖಾನೆಯಲ್ಲಿ ಹೀಗೆ ಮಾಡದಿರುವುದಕ್ಕೆ ಖರ್ಚು, ತೂಕ ಎಂದೆಲ್ಲ ಕಾರಣಗಳಿರಬಹುದು. ನನಗೆ ಒಂದೇ ಬಾಗಿಲು ಮಾಡುವುದಿತ್ತು.

ಹೊದಿಕೆಗೆ ಕುಷನ್ ಅಂಗಡಿಗೆ ಹೋದೆ. ಹಳೆಯ ರೆಕ್ಸಿನ್ ಕಲ್ಲಿನಂತಾಗಿತ್ತು. ಬಿಸಿಲಿನಲ್ಲಿ ನಿಂತ ಕ್ಯಾಬಿನ್ನಿನ ಒಳಮೈ 60 ಡಿಗ್ರಿ ದಾಟುವುದು ಅಪರೂಪವಲ್ಲ. ಆ ಕಾವಿಗೆ ರೆಕ್ಸಿನ್ನನ್ನು ಮೆತ್ತಗಿಡುವ ಎಣ್ಣೆಯಂಥ ಅಂಶ ವರ್ಷ ಕಳೆದಂತೆ ಆರಿಹೋಗುತ್ತದೆ. ಅಂಗಡಿಯ ಹಿರಿಯರು ಆರ್ಮ್‌ರೆಸ್ಟನ್ನು ತಿರುಗಿಸಿ ಹಿಂಬದಿಯನ್ನೇ ಬಹಳ ಹೊತ್ತು ನೋಡಿದರು. “ಎಲ್ಲರೂ ಮೇಲೆ ಬಟ್ಟೆ ಹಾಕಿಕೊಡಿ ಎಂದು ತರುತ್ತಾರೆ ಅಣ್ಣ, ಒಳಗೆ ಮುರಿದಿರುತ್ತದೆ. ಆಮೇಲೆ ಹೊಲಿಗೆ ಬಿಟ್ಟಿತು ಎಂದು ನನ್ನನ್ನು ಬೈಯುತ್ತಾರೆ” ಎಂದರು. ತೆಳು ಸ್ಪಂಜಿನ ಬೆಂಬಲವಿದ್ದ ರೆಕ್ಸಿನ್ ಆರಿಸಿದ್ದು ಅವರೇ. ಅಂಟಿಸುವ ಕೆಲಸವನ್ನು ನಾನೇ ಮಾಡಿದೆ. ರಬ್ಬರ್ ಅಂಟನ್ನು ಎರಡೂ ಮೈಗೆ ಬಳಿದು, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಜೋಡಿಸಬೇಕು. ಒದ್ದೆಯಿರುವಾಗ ಅಂಟಿಸಿದರೆ ಗುಳ್ಳೆ ಏಳುತ್ತದೆ. ಹಿಡಿಯ ಕುಳಿಯ ಹತ್ತಿರ ಹೇರ್ ಡ್ರೈಯರ್ ಹಿಡಿದು ರೆಕ್ಸಿನ್ ಮೆತ್ತಗಾದಂತೆ ಎಳೆದು ಕೂರಿಸಿದೆ. ಮರಗೆಲಸದ ಬಿಳಿ ಅಂಟು ಇಲ್ಲಿ ಪ್ರಯೋಜನಕ್ಕೆ ಬಾರದು.

ಪ್ಯಾಡನ್ನು ವಾಪಸು ಕೂರಿಸುವ ಮೊದಲು ಬಾಗಿಲನ್ನು ತೆರೆದು, ತುದಿ ಹಿಡಿದು ಮೇಲಕ್ಕೆತ್ತಿ ನೋಡಿದೆ. ಹಿಂಜಿನ ಪಿನ್ನುಗಳಲ್ಲಿ ಕಣ್ಣಿಗೆ ಕಾಣುವಷ್ಟು ಆಟವಿತ್ತು. ಬಾಗಿಲು ಜೋತುಬಿದ್ದು ಲಾಕಿನ ಕೊಂಡಿಗೆ ಕೆಳಗಿನಿಂದ ಬಡಿಯುತ್ತಿತ್ತು, ಅದಕ್ಕೇ ಪ್ರತಿ ಸಲ ಬಲವಾಗಿ ಎಳೆಯಬೇಕಾಗುತ್ತಿತ್ತು. ಆರ್ಮ್‌ರೆಸ್ಟನ್ನು ಮುರಿದದ್ದು ನಿಜವಾಗಿ ಈ ಪಿನ್ನುಗಳು. ಗ್ಯಾರೇಜಿನಲ್ಲಿ ಪಿನ್ನು, ಬುಷ್ ಬದಲಿಸಿ ಗ್ರೀಸ್ ಹಾಕಿಸಿದೆ. ಬಾಗಿಲಿನ ಸುತ್ತ ಗಟ್ಟಿಯಾಗಿದ್ದ ಬೀಡಿಂಗ್ ರಬ್ಬರಿಗೆ ಸಿಲಿಕೋನ್ ಸ್ಪ್ರೇ ಹೊಡೆದೆ. ಗ್ರೀಸ್ ಹಚ್ಚಿದರೆ ಆ ರಬ್ಬರ್ ಊದಿಕೊಳ್ಳುತ್ತದೆ. ಈಗ ಎರಡು ಬೆರಳಿನಲ್ಲಿ ಎಳೆದರೂ ಬಾಗಿಲು ಮುಚ್ಚುತ್ತದೆ.

ಹೊದಿಕೆಯ ಬಣ್ಣ ಇನ್ನೊಂದು ಬಾಗಿಲಿನದಕ್ಕಿಂತ ಒಂದು ಛಾಯೆ ಗಾಢವಾಗಿದೆ. ಕುಳಿಯ ಒಳಮೂಲೆಯಲ್ಲಿ ಒಂದು ಸುಕ್ಕೂ ಉಳಿದಿದೆ. ಎಡಬದಿಯ ಆರ್ಮ್‌ರೆಸ್ಟ್ ಇನ್ನೂ ಒಡೆದಿಲ್ಲ; ಆದರೂ ಬಿಚ್ಚಿ ನೋಡಿದಾಗ ಗೂಟದ ಬುಡದಲ್ಲಿ ಬಿಳಿ ಗೆರೆ ಕಂಡಿತು. ಎಬಿಎಸ್ ಬಿರಿಯುವ ಮೊದಲು ಹಾಗೆ ಬೆಳ್ಳಗಾಗುತ್ತದೆ. ಉಳಿದಿದ್ದ ಅಲ್ಯೂಮಿನಿಯಂ ಪಟ್ಟಿಯ ತುಂಡನ್ನು ಅಲ್ಲಿಗೆ ಹಾಕಿಬಿಟ್ಟೆ.