ಮರಡಿಹಳ್ಳಿ ಬಂಡೆಯಿಂದ ಮಂಗಳದವರೆಗೆ: ಒಂದು ತ್ರಿವಳಿಯನ್ನು ಮತ್ತೆ ಓದುವ ಬಗೆ

ಕಿಮ್ ಸ್ಟ್ಯಾನ್ಲಿ ರಾಬಿನ್ಸನ್ ಬರೆದ ಮಂಗಳ ತ್ರಿವಳಿಯ ಮೂರು ಕಾದಂಬರಿಗಳು ‘ರೆಡ್ ಮಾರ್ಸ್’ (1992), ‘ಗ್ರೀನ್ ಮಾರ್ಸ್’ (1993) ಮತ್ತು ‘ಬ್ಲೂ ಮಾರ್ಸ್’ (1996). ಮಂಗಳ ಗ್ರಹಕ್ಕೆ ನೆಲೆಸಲು ಹೋದ ಮೊದಲ ನೂರು ಜನರ, ಅವರು ಆ ಗ್ರಹವನ್ನು ಬದಲಿಸಲು ಹೊರಟದ್ದರ ಕಥೆ ಇದು. ವೈಜ್ಞಾನಿಕ ಕಾದಂಬರಿಗಳಿಗೆ ಕೊಡುವ ದೊಡ್ಡ ಪ್ರಶಸ್ತಿಗಳಲ್ಲಿ ಮೊದಲನೆಯದಕ್ಕೆ ನೆಬ್ಯುಲಾ ಬಂತು, ಉಳಿದೆರಡಕ್ಕೆ ಹ್ಯೂಗೋ. ಆದರೂ ನಮ್ಮ ಕಡೆಯ ಓದುಗರ ಮಾತಿನಲ್ಲಿ ಇದರ ಹೆಸರು ಬರುವುದು ಅಪರೂಪ. ಶುರು ಮಾಡಿದವರೂ ಮೊದಲ ಪುಸ್ತಕದ ನಡುವೆಯೇ ನಿಂತುಬಿಡುತ್ತಾರೆ. ಕಲ್ಲು, ದೂಳು, ಇಳಿಜಾರು ಎಂದು ಪುಟಗಟ್ಟಲೆ ವರ್ಣನೆ ಬಂದಾಗ ಅದನ್ನು ಕಥೆಗೆ ಅಡ್ಡ ಬಂದದ್ದು ಎಂದುಕೊಳ್ಳುವುದೇ ಇದಕ್ಕೆ ಕಾರಣ. ಈ ಕೃತಿಯಲ್ಲಿ ಕಲ್ಲು ಮತ್ತು ನೀರೇ ಮುಖ್ಯ ಪಾತ್ರಗಳು. ಚಿತ್ರದುರ್ಗ, ದಾವಣಗೆರೆ ಸೀಮೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಇದು ಮರುಓದಿನ ಕೈಪಿಡಿ. ಕಥೆಯ ತಿರುವುಗಳನ್ನು ಇಲ್ಲಿ ಮುಚ್ಚಿಟ್ಟಿಲ್ಲ. ಮೊದಲ ಸಲ ಓದುವವರು ‘ರೆಡ್ ಮಾರ್ಸ್’ ಮುಗಿಸಿ ಇತ್ತ ಬಂದರೆ ಒಳ್ಳೆಯದು.

ಮೊದಲು ಪುಸ್ತಕ. ಆವೃತ್ತಿಗೆ ತಕ್ಕಂತೆ ಮೂರೂ ಸೇರಿ 1,800ರಿಂದ 2,000 ಪುಟ ಆಗುತ್ತವೆ. ಹಳೆಯ ಪ್ರತಿ ಕೊಳ್ಳುವಾಗ ಮುಖಪುಟ ನೋಡಿ ಸುಮ್ಮನಾಗದೆ ಭಾಗಗಳನ್ನು ಎಣಿಸಿ. ‘ರೆಡ್’ನಲ್ಲಿ 8, ‘ಗ್ರೀನ್’ನಲ್ಲಿ 10, ‘ಬ್ಲೂ’ನಲ್ಲಿ 14 ಭಾಗಗಳಿರಬೇಕು. ದಪ್ಪ ಪುಸ್ತಕದಲ್ಲಿ ಮೊದಲು ಉದುರುವುದು ಕೊನೆಯ ಹಾಳೆಗಳು. ಬೆನ್ನಿನ ಅಂಟು ಹಳತಾದಂತೆ ಪೆಡಸಾಗುತ್ತದೆ, ನಮ್ಮ ಏಪ್ರಿಲ್-ಮೇ ಬಿಸಿಲಿನಲ್ಲಂತೂ ಇನ್ನೂ ಬೇಗ. ಹಾಗಾಗಿ ಪುಸ್ತಕವನ್ನು ನಡುವಿಗೆ ಮಡಚಬೇಡಿ. ಮೊದಲು ಮುಂದಿನ ಐವತ್ತು ಪುಟ, ಆಮೇಲೆ ಹಿಂದಿನ ಐವತ್ತು ಪುಟ ಎನ್ನುವ ಹಾಗೆ ಎರಡೂ ಕಡೆಯಿಂದ ಸ್ವಲ್ಪ ಸ್ವಲ್ಪವೇ ತೆರೆಯುತ್ತಾ ನಡುವಿಗೆ ಬನ್ನಿ. ಅಕ್ಷರ ಸಣ್ಣದೆನಿಸಿದರೆ ಇ-ಪುಸ್ತಕ ಸಾಕು. ಮರುಓದಿಗೆ ಅದರಲ್ಲಿ ಒಂದು ಅನುಕೂಲವೂ ಇದೆ: ಒಂದು ಹೆಸರು ಹಿಂದೆ ಎಲ್ಲೆಲ್ಲಿ ಬಂದಿತ್ತು ಎಂದು ತಕ್ಷಣ ಹುಡುಕಬಹುದು.

ದಿನಕ್ಕೆ 20 ಪುಟ ಇಟ್ಟುಕೊಳ್ಳಿ, ಮೂರು ತಿಂಗಳ ಮೇಲೆ ಒಂದು ವಾರದಲ್ಲಿ ಮುಗಿಯುತ್ತದೆ. ದಿನಕ್ಕೆ 50 ಪುಟ ಓದಲು ಹೊರಟವರು ‘ಗ್ರೀನ್ ಮಾರ್ಸ್’ನ ನಡುವೆ ಸುಸ್ತಾಗುತ್ತಾರೆ. ಅಲ್ಲಿ ಸಭೆ, ಚರ್ಚೆ, ಕರಡು ಘೋಷಣೆಗಳೇ ಒಂದು ದೊಡ್ಡ ಭಾಗವನ್ನು ತುಂಬಿಕೊಂಡಿವೆ.

200 ಪುಟದ ಒಂದು ನೋಟ್‌ಬುಕ್ ಬೇಕು. ಆ ನೂರು ಜನರಲ್ಲಿ ಮುಖ್ಯರಾದ ಮಾಯಾ, ನಾದ್ಯಾ, ಸ್ಯಾಕ್ಸ್, ಆ್ಯನ್, ಮಿಶೆಲ್, ಫ್ರಾಂಕ್, ಜಾನ್, ಒಬ್ಬೊಬ್ಬರಿಗೂ ನಾಲ್ಕು ಪುಟ ಬಿಡಿ. ಪ್ರತಿ ಪುಟದ ನಡುವೆ ಗೆರೆ ಎಳೆದು, ಎಡಕ್ಕೆ ಆ ಪಾತ್ರ ತನ್ನ ಬಗ್ಗೆ ಅಂದುಕೊಂಡದ್ದನ್ನು, ಬಲಕ್ಕೆ ಬೇರೆಯವರು ಅದರಲ್ಲಿ ಕಂಡದ್ದನ್ನು ಬರೆಯಿರಿ. ‘ರೆಡ್ ಮಾರ್ಸ್’ನ ಒಂದೊಂದು ಭಾಗವೂ ಒಬ್ಬರ ಕಣ್ಣಿನಿಂದ ಸಾಗುತ್ತದೆ. ಎರಡನೇ ಭಾಗದಲ್ಲಿ ಮಾಯಾಳ ಮನಸ್ಸಿನೊಳಗಿಂದ ನೋಡಿದ ಅವಳೇ ನಾಲ್ಕನೇ ಭಾಗದಲ್ಲಿ ಮನೋವೈದ್ಯ ಮಿಶೆಲ್‌ನ ಕಣ್ಣಿಗೆ ಬಿದ್ದಾಗ ಬೇರೆಯೇ ಹೆಂಗಸು. ಮೊದಲ ಓದಿನಲ್ಲಿ ಇದು ಜಾರಿಹೋಗುತ್ತದೆ. ನೋಟ್‌ಬುಕ್ ಎರಡನ್ನೂ ಎದುರುಬದುರು ನಿಲ್ಲಿಸುತ್ತದೆ.

ಜೊತೆಗೆ ಅಮೆರಿಕದ ಭೂಗರ್ಭ ಸಮೀಕ್ಷೆಯವರು ಉಚಿತವಾಗಿ ಕೊಡುವ ಮಂಗಳದ ನಕ್ಷೆಯನ್ನು ಎ3 ಹಾಳೆಯಲ್ಲಿ ಮುದ್ರಿಸಿಕೊಳ್ಳಿ. ಒಲಿಂಪಸ್ ಮಾನ್ಸ್, ಪಾವೋನಿಸ್ ಮಾನ್ಸ್ ಎಂಬ ಬೆಟ್ಟಗಳು, ಮ್ಯಾರಿನೆರಿಸ್ ಕಣಿವೆ, ಹೆಲಾಸ್ ತಗ್ಗು, ಈ ನಾಲ್ಕನ್ನು ಮೊದಲೇ ಗುರುತು ಹಾಕಿ. ಪುಸ್ತಕದ ಎತ್ತರದ ಅಂಕಿಗೂ ನಕ್ಷೆಯ ಅಂಕಿಗೂ ಹೊಂದಿಕೆ ಆಗದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಕಾದಂಬರಿಗಳು ನಿಂತಿರುವುದು 1970ರ ದಶಕದಲ್ಲಿ ಮಂಗಳಕ್ಕೆ ಹೋದ ವೈಕಿಂಗ್ ನೌಕೆಗಳ ಕಾಲದ ಮಾಹಿತಿಯ ಮೇಲೆ. ಲೇಸರ್ ಹಾಯಿಸಿ ಇಡೀ ಗ್ರಹದ ಎತ್ತರ ಅಳೆದದ್ದು ಮೂರೂ ಪುಸ್ತಕ ಹೊರಬಂದ ಮೇಲೆ.

ಇನ್ನು ಓದುವ ಕ್ರಮ. ‘ರೆಡ್ ಮಾರ್ಸ್’ ಆರಂಭವಾಗುವುದು ಜಾನ್ ಬೂನ್‌ನ ಕೊಲೆಯಿಂದ, ಅದರ ಹಿಂದೆ ಇರುವವನು ಫ್ರಾಂಕ್. ಆ ಬಳಿಕ ಕಥೆ ಹಿಂದಕ್ಕೆ ಸರಿದು, 2026ರ ಡಿಸೆಂಬರ್‌ನಲ್ಲಿ ನೂರು ಜನರನ್ನು ಹೊತ್ತು ಸಾಗುವ ಏರಿಸ್ ಹಡಗಿಗೆ ಬರುತ್ತದೆ. ಮರುಓದಿನಲ್ಲಿ ಮೊದಲ ಭಾಗವನ್ನು ಪಕ್ಕಕ್ಕಿಡಿ. ಎರಡರಿಂದ ಐದರವರೆಗೆ ಓದಿ, ಆಮೇಲೆ ಒಂದನೇ ಭಾಗ, ಅಲ್ಲಿಂದ ಆರಕ್ಕೆ ಹೋಗಿ. ಘಟನೆಗಳು ಕಾಲಕ್ರಮಕ್ಕೆ ಬರುತ್ತವೆ. ಅದಕ್ಕಿಂತ ಮುಖ್ಯವಾಗಿ, ಫ್ರಾಂಕ್‌ನ ಹೊಟ್ಟೆಕಿಚ್ಚು ಎಷ್ಟು ವರ್ಷ ಒಳಗೇ ಕುದ್ದಿತ್ತೆಂಬುದು ಆಗ ಅರ್ಥವಾಗುತ್ತದೆ. ಮೊದಲ ಓದಿನಲ್ಲಿ ಅವನು ಬರೀ ಕೊಲೆಗಡುಕನಾಗಿ ಕಂಡಿದ್ದ. ಈ ಕ್ರಮದಲ್ಲಿ ಓದಿದರೆ ಅವನ ಮೇಲೆ ಮರುಕ ಹುಟ್ಟುತ್ತದೆ, ಆರನೇ ಭಾಗದ ಅವನ ದುಡಿಮೆಗೆ ತೂಕ ಬರುತ್ತದೆ.

ಎರಡನೇ ಭಾಗವನ್ನು ನಿಧಾನಕ್ಕೆ ಓದಿ. ಹಡಗಿನ ತೋಟದಲ್ಲಿ ಪಾಚಿ ಬೆಳೆಯುವ ಬಾಟಲಿಗಳ ಆಚೆ ಮಾಯಾ ಒಂದು ಅಪರಿಚಿತ ಮುಖ ಕಾಣುತ್ತಾಳೆ. ನೂರು ಜನರಲ್ಲಿ ಇಲ್ಲದ ಮುಖ ಅದು. ಅದನ್ನು ಅವಳ ಭ್ರಮೆ ಎಂದುಕೊಂಡು ಮುಂದೆ ಹೋಗಿರುತ್ತೀರಿ. ಈಗ ಆ ಪುಟಕ್ಕೆ ಚೀಟಿ ಇಡಿ.

ಆ್ಯನ್ ಭೂವಿಜ್ಞಾನಿ. ಮಂಗಳವನ್ನು ಇರುವಂತೆಯೇ ಬಿಡಬೇಕು ಎನ್ನುವವಳು. ಅವಳ ಭಾಗಗಳಲ್ಲೇ ಹೆಚ್ಚು ಜನ ಪುಸ್ತಕ ಕೆಳಗಿಡುತ್ತಾರೆ. ಇದಕ್ಕೆ ಮದ್ದು ಚಿತ್ರದುರ್ಗ ಜಿಲ್ಲೆಯಲ್ಲೇ ಇದೆ. ಮರಡಿಹಳ್ಳಿಯ ದಿಂಬು ಲಾವಾ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ವಯಸ್ಸು ಸುಮಾರು 250 ಕೋಟಿ ವರ್ಷ. ನೀರಿನಡಿ ಉಕ್ಕಿದ ಲಾವಾದ ಹೊರಮೈ ಥಟ್ಟನೆ ತಣಿದು ಗಟ್ಟಿಯಾಗುತ್ತದೆ, ಒಳಗಿನದು ಅದನ್ನು ಸೀಳಿಕೊಂಡು ಮುಂದಿನ ಉಂಡೆಯಾಗಿ ಹೊರಬರುತ್ತದೆ. ಹೀಗೆ ದಿಂಬುಗಳನ್ನು ಪೇರಿಸಿದಂತಹ ಬಂಡೆ. ಬೆಳಿಗ್ಗೆ ಒಂಬತ್ತರೊಳಗೆ ಹೋಗಿ. ಓರೆಬಿಸಿಲಿನಲ್ಲಿ ದಿಂಬಿನ ಅಂಚುಗಳು ಎದ್ದು ಕಾಣುತ್ತವೆ, ನೆತ್ತಿಯ ಬಿಸಿಲಿಗೆ ಎಲ್ಲವೂ ಚಪ್ಪಟೆ. ಉಬ್ಬಿದ ಮೈ ಯಾವ ಕಡೆಗಿದೆ ನೋಡಿ: ಲಾವಾ ಹರಿದ ಕಾಲದಲ್ಲಿ ಅದು ಮೇಲ್ಮುಖ. ಕೆಳಗಿನ ಚೂಪು ಬಾಲ ಅಡಿಯ ದಿಂಬುಗಳ ಸಂದಿಗೆ ಇಳಿದಿರುತ್ತದೆ. ಇಷ್ಟರಿಂದಲೇ ಪದರ ಆಮೇಲೆ ಮಗುಚಿದೆಯೇ ಎಂದು ಹೇಳಬಹುದು. ಸುತ್ತಿಗೆ ಒಯ್ಯಬೇಡಿ, ಚೂರು ಎತ್ತಿಕೊಳ್ಳಬೇಡಿ. ಇಲ್ಲಿ ಸಮುದ್ರವಿತ್ತು ಎಂದು ಕಲ್ಲೇ ಹೇಳುವುದನ್ನು ಕಂಡವರಿಗೆ, ಆ್ಯನ್ ಒಂದು ಇಳಿಜಾರಿನ ಮುಂದೆ ದಿನಗಟ್ಟಲೆ ಯಾಕೆ ಕೂರುತ್ತಾಳೆಂದು ಮತ್ತೆ ಕೇಳಬೇಕಾಗುವುದಿಲ್ಲ.

ನೀರಿನ ಪಾಠ ಚಿತ್ರದುರ್ಗದ ಕೋಟೆಯಲ್ಲಿದೆ. ಬಂಡೆಯ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡ ತುಂಬಿ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗಿನ ಹೊಂಡಗಳಿಗೆ ಇಳಿಯುವ ದಾರಿಯನ್ನು ಒಮ್ಮೆ ನಡೆದು ನೋಡಿ. ನಾದ್ಯಾಳ ಭಾಗಗಳನ್ನು ಆಮೇಲೆ ಓದಿ. ಆಕೆ ಇಟ್ಟಿಗೆ, ಕಮಾನು, ಕೊಳವೆಗಳ ಹೆಂಗಸು.

ಗಾಳಿಯಂತ್ರದ ಲೆಕ್ಕ ಮಾತ್ರ ಎಚ್ಚರದಿಂದ ಮಾಡಿ. ಮಂಗಳವನ್ನು ಬೆಚ್ಚಗಾಗಿಸಲೆಂದು ವಿಜ್ಞಾನಿ ಸ್ಯಾಕ್ಸ್ ಗಾಳಿಯಿಂದ ಶಾಖ ಹುಟ್ಟಿಸುವ ಯಂತ್ರಗಳನ್ನು ಮಾಡಿಸುತ್ತಾನೆ. ನಾದ್ಯಾ ಮತ್ತು ಅವಳ ಜೊತೆಗಾರ ಅರ್ಕಾಡಿ ವಾಯುನೌಕೆಯಲ್ಲಿ ಹೋಗಿ ಅವನ್ನು ಅಲ್ಲಲ್ಲಿ ಇಳಿಸುತ್ತಾರೆ. ಚಿತ್ರದುರ್ಗದ ಗುಡ್ಡಸಾಲಿನ ಗಾಳಿಯಂತ್ರಗಳನ್ನು ದಿನವೂ ನೋಡುವವರು ಇದನ್ನು ಒಪ್ಪಿಬಿಡುತ್ತಾರೆ. ಆದರೆ ಗಾಳಿಯ ಚಲನೆ ಯಂತ್ರವಿಲ್ಲದೆಯೂ ಕೊನೆಗೆ ಘರ್ಷಣೆಯಿಂದ ಶಾಖವೇ ಆಗುತ್ತದೆ. ಯಂತ್ರ ಆ ಶಾಖವನ್ನು ಒಂದು ಕಡೆ ಕೂಡಿಸುತ್ತದೆ ಅಷ್ಟೆ, ಗ್ರಹದ ಒಟ್ಟು ಶಾಖಕ್ಕೆ ಏನೂ ಸೇರುವುದಿಲ್ಲ. ಇದನ್ನು ಲೇಖಕರ ತಪ್ಪೆಂದು ಬರೆದುಕೊಳ್ಳುವ ಮೊದಲು ಮುಂದೆ ಓದಿ: ಒಂದು ಯಂತ್ರದೊಳಗೆ ನಾದ್ಯಾಳಿಗೆ ಪಾಚಿ ಸಿಗುತ್ತದೆ. ಯಾರ ಒಪ್ಪಿಗೆಯೂ ಇಲ್ಲದೆ ಜೀವ ಬಿತ್ತುವುದು ಅಲ್ಲಿನ ನಿಜವಾದ ಉದ್ದೇಶ.

ನಿಜಕ್ಕೂ ಹಳತಾದ ವಿಜ್ಞಾನವೂ ಇದೆ. ನೋಟ್‌ಬುಕ್ಕಿನ ಕೊನೆಯಲ್ಲಿ ಅದಕ್ಕೆಂದು ಎರಡು ಪುಟ ಬಿಡಿ. 2008ರಲ್ಲಿ ಫೀನಿಕ್ಸ್ ನೌಕೆ ಮಂಗಳದ ಮಣ್ಣಿನಲ್ಲಿ ಪರ್‌ಕ್ಲೋರೇಟ್ ಲವಣಗಳನ್ನು ಕಂಡಿತು. ಅವು ಥೈರಾಯ್ಡ್‌ಗೆ ಕೆಡುಕು, ಹಾಗಾಗಿ ಕಾದಂಬರಿಯ ತೋಟಗಾರರು ಮೊದಲು ಮಣ್ಣನ್ನು ತೊಳೆಯಬೇಕಾಗುತ್ತಿತ್ತು. ಅಲ್ಲಿನ ಗಾಳಿಯ ಒತ್ತಡ ಸುಮಾರು 6 ಮಿಲಿಬಾರ್. ಕೈಗೆ ಸಿಗುವ ಇಂಗಾಲದ ಡೈಆಕ್ಸೈಡನ್ನೆಲ್ಲ ಬಿಡುಗಡೆ ಮಾಡಿದರೂ ಅದು 20ರ ಆಸುಪಾಸಿಗೆ ಏರೀತೇ ಹೊರತು ಭೂಮಿಯ 1,013ರ ಹತ್ತಿರಕ್ಕೂ ಬಾರದು ಎಂದು 2018ರ ಲೆಕ್ಕ ಹೇಳುತ್ತದೆ. ಇದರಿಂದ ಕಥೆ ಬೀಳುವುದಿಲ್ಲ. ಒಂದು ಗ್ರಹವನ್ನು ಬದಲಿಸಬಹುದೇ ಎಂಬುದಕ್ಕಿಂತ ಬದಲಿಸಬೇಕೇ, ಅದನ್ನು ಯಾರು ತೀರ್ಮಾನಿಸಬೇಕು ಎಂಬುದೇ ಅಲ್ಲಿನ ಜಗಳ.

ವರ್ಷಗಳ ಲೆಕ್ಕದಲ್ಲೂ ಎಡವುವವರಿದ್ದಾರೆ. ಮಂಗಳದ ಒಂದು ವರ್ಷ ನಮ್ಮ 687 ದಿನ, ಆದ್ದರಿಂದ ಕಳೆದ ವರ್ಷಗಳನ್ನು 1.88ರಿಂದ ಗುಣಿಸಿ. ಅಲ್ಲಿನ ಹತ್ತು ವರ್ಷ ಇಲ್ಲಿನ ಸುಮಾರು ಹತ್ತೊಂಬತ್ತು. ಪಾತ್ರಗಳು ದೀರ್ಘಾಯುಷ್ಯದ ಚಿಕಿತ್ಸೆಯಿಂದ ಇನ್ನೂರು ವರ್ಷ ದಾಟಿ ಬದುಕುವುದು ಕಲ್ಪನೆಗೆ ಬಾರದಿದ್ದರೆ ವಾಣಿವಿಲಾಸ ಸಾಗರವನ್ನು ನೆನೆಯಿರಿ. 1933ರಲ್ಲಿ ಕೋಡಿ ಬಿದ್ದ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಎರಡನ್ನೂ ಕಣ್ಣಾರೆ ಕಂಡವರು ಎಷ್ಟು ಜನ ಇದ್ದಾರು? ಈ ತ್ರಿವಳಿಯ ಜನ ಅಂಥವನ್ನು ಎರಡಲ್ಲ, ಹತ್ತು ಕಾಣುತ್ತಾರೆ.

ಗುಂಪಿನಲ್ಲಿ ಓದುವುದಾದರೆ ಐದಾರು ಜನ ಸಾಕು. ಒಬ್ಬೊಬ್ಬರು ಒಂದೊಂದು ಪಾತ್ರದ ಪರ ನಿಲ್ಲಿ, ಹದಿನೈದು ದಿನಕ್ಕೊಮ್ಮೆ ಸೇರಿ. ದಾವಣಗೆರೆಯಲ್ಲಾದರೆ ಸಂಜೆ ಮಂಡಕ್ಕಿ-ಮಿರ್ಚಿ ಇಟ್ಟುಕೊಂಡು ಕೂರಬಹುದು, ಪುಸ್ತಕಕ್ಕೆ ಎಣ್ಣೆಗೈ ತಾಗದಿರಲಿ. ಕಥೆ ಏನಾಯಿತೆಂದು ಒಪ್ಪಿಸುವುದರಲ್ಲೇ ಸಭೆ ಮುಗಿದುಹೋಗುವುದುಂಟು. ಅದಕ್ಕೆ ಮೊದಲೇ ಪ್ರಶ್ನೆ ಗೊತ್ತುಮಾಡಿ: ಈ ಭಾಗದಲ್ಲಿ ಆ್ಯನ್ ಸರಿಯೋ, ಸ್ಯಾಕ್ಸ್ ಸರಿಯೋ? ‘ಗ್ರೀನ್ ಮಾರ್ಸ್’ನಲ್ಲಿ ಡೋರ್ಸಾ ಬ್ರೇವಿಯಾ ಎಂಬಲ್ಲಿ ನಡೆಯುವ ಸಭೆಯನ್ನು, ‘ಬ್ಲೂ ಮಾರ್ಸ್’ನ ಸಂವಿಧಾನ ರಚನೆಯ ಭಾಗವನ್ನು ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದಿ. ಕಣ್ಣಿಗೆ ಒಣಗಿದಂತೆ ಕಂಡದ್ದು ಕಿವಿಗೆ ಗ್ರಾಮಸಭೆಯ ಹಾಗೆ ಜೀವಂತವಾಗಿ ಕೇಳುತ್ತದೆ.

ಕೊನೆಯ ಹೆಜ್ಜೆಯನ್ನು ಬಿಡಬೇಡಿ, ಮರುಓದಿನ ಫಲ ಇರುವುದು ಅಲ್ಲೇ. ‘ಬ್ಲೂ ಮಾರ್ಸ್’ನಲ್ಲಿ ದೀರ್ಘಾಯುಷ್ಯದ ಚಿಕಿತ್ಸೆ ಪಡೆದ ಹಳಬರ ನೆನಪು ಕುಸಿಯುತ್ತದೆ. ಅದನ್ನು ಮರಳಿ ಪಡೆಯಲು ಉಳಿದವರೆಲ್ಲ ಹದಿಮೂರನೇ ಭಾಗದಲ್ಲಿ ತಮ್ಮ ಮೊದಲ ನೆಲೆ ಅಂಡರ್‌ಹಿಲ್‌ಗೆ ಬರುತ್ತಾರೆ. ಆ ಭಾಗ ಶುರುವಾಗುವ ಮುನ್ನ ಪುಸ್ತಕ ಮುಚ್ಚಿ. ಏರಿಸ್ ಹಡಗಿನ ಪಯಣದಲ್ಲಿ ನಿಮಗೆ ನೆನಪಿರುವುದನ್ನು ಅರ್ಧ ಪುಟ ಬರೆಯಿರಿ. ಆಮೇಲೆ ‘ರೆಡ್ ಮಾರ್ಸ್’ ತೆಗೆದು ಎರಡನೇ ಭಾಗವನ್ನು, ಚೀಟಿ ಇಟ್ಟ ಪುಟವನ್ನೂ ಸೇರಿಸಿ, ಇನ್ನೊಮ್ಮೆ ಓದಿ. ನೀವು ಬರೆದದ್ದರಲ್ಲಿ ಯಾವುದು ತಪ್ಪು, ಯಾವುದು ಬಿಟ್ಟುಹೋಗಿದೆ ಎಂದು ಗುರುತು ಹಾಕಿ. ಆ ಗುರುತುಗಳನ್ನು ಎದುರಿಗಿಟ್ಟುಕೊಂಡೇ ಹದಿಮೂರನೇ ಭಾಗ ತೆರೆಯಿರಿ. ಹದಿನಾಲ್ಕನೆಯದನ್ನು ಅದೇ ದಿನ ಓದಬೇಡಿ. ಅದು ಆ್ಯನ್‌ಳದು, ಅದಕ್ಕೆ ಒಂದು ಇಡೀ ಬೆಳಗ್ಗೆ ಬಿಡಿ.